ಹರ್ಡ್ ದ್ವೀಪಕ್ಕೆ ಹೊಲಿದ ಕೋಟು

ಕಳೆದ ಶುಕ್ರವಾರ ಜುಮಾ ನಮಾಜು ಮುಗಿಸಿ ಖಾಲಿದಿಯಾದ ಹಳೆಯ ಗಲ್ಲಿಯಲ್ಲಿ ನಡೆದು ಬರುತ್ತಿದ್ದೆ. ಹತ್ತೊಂಬತ್ತು ವರ್ಷ ನಾನು ಅರಬರ ಉದ್ದ ನಿಲುವಂಗಿ ಕಂದೂರ ಹೊಲಿದ ಅಂಗಡಿಯ ಜಾಗದಲ್ಲಿ ಈಗ ಬೇಕರಿಯಾಗಿದೆ. ಗಾಜಿನ ಹಿಂದೆ ಒಬ್ಬ ಸಿರಿಯಾದವನು ಒಲೆಯಿಂದ ಚೀಸಿನ ರೊಟ್ಟಿಗಳನ್ನು ಹೊರಗೆ ಎಳೆಯುತ್ತಿದ್ದ. ರೊಟ್ಟಿಯ ಮೇಲೆ ಉದುರಿಸಿದ ಕರಿಜೀರಿಗೆ ಬಿಸಿಗೆ ಹುರಿದು, ಅದರ ಘಾಟು ರಸ್ತೆಯವರೆಗೆ ಬಂದಿತ್ತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಎಷ್ಟು ಬೇಕೆಂದು ಅವನು ಎರಡು ಸಲ ಕೇಳಿದ ಮೇಲೆ ಎಚ್ಚರವಾಯಿತು. ಅವನ ಒಲೆ ಇರುವ ಕಡೆಯಲ್ಲೇ ನನ್ನ ಕಟಿಂಗ್ ಮೇಜು ಇತ್ತು. ಆ ಮೇಜಿನ ಮೇಲೆ ಒಂದು ಬೇಸಿಗೆಯಿಡೀ ನಾನು ಮತ್ತು ನನ್ನ ಮಗಳು ಒಂದು ದ್ವೀಪವನ್ನು ಬರೆದು ಅಳಿಸಿ, ಬರೆದು ಅಳಿಸಿ ಮಾಡಿದ್ದೆವು. ಅದಾಗಿ ಮೂರು ವರ್ಷವಾಯಿತು.

ಮಗಳ ಹೆಸರು ಸಫಿಯಾ. ಹುಟ್ಟಿದ್ದು ಇಲ್ಲೇ ಅಬುಧಾಬಿಯಲ್ಲಿ, ಬೆಳೆದದ್ದು ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಊರಿನಲ್ಲಿ ಬೆಳೆದವಳು, ಹಿಮದ ಊರಿನ ಪಾಚಿ ಓದುತ್ತೇನೆಂದು ಸ್ಕಾಲರ್‌ಶಿಪ್ ಹಿಡಿದು ಆಸ್ಟ್ರೇಲಿಯಾದ ತುದಿಯ ಟಾಸ್ಮೇನಿಯಾಕ್ಕೆ ಹೋದಳು. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ. ಅವಳು ಉತ್ತರ ಕೊಡುವುದು ಅರ್ಧ ಇಂಗ್ಲಿಷಿನಲ್ಲಿ. ಸಿಟ್ಟು ಬಂದರೆ ಮಾತ್ರ ಪೂರ್ತಿ ಬ್ಯಾರಿ ಬಾಯಿಗೆ ಬರುತ್ತದೆ, ಅದೂ ಉಳ್ಳಾಲದ ನನ್ನ ಉಮ್ಮನ ಧಾಟಿಯಲ್ಲಿ.

ಆ ವರ್ಷ ಜೂನ್ ತಿಂಗಳಲ್ಲಿ ರಜೆಗೆ ಬಂದವಳ ಮುಖ ಬೇರೆಯೇ ಇತ್ತು. ದೂರದ ಹಿಮದ ದ್ವೀಪವೊಂದಕ್ಕೆ ಅಕ್ಟೋಬರಿನಲ್ಲಿ ಹೊರಡುವ ಹಡಗಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಅಲ್ಲಿಗೆ ಹಡಗು ಹೋಗುವುದೇ ಅಪರೂಪವಂತೆ. ಎರಡು ವರ್ಷ ಕಾಯುವವರ ಪಟ್ಟಿಯಲ್ಲಿದ್ದು, ಈ ಸಲ ಯಾರೋ ಹಿಂದೆ ಸರಿದದ್ದರಿಂದ ಹೆಸರು ಮೇಲೆ ಬಂದಿತ್ತು. ಈಗ ತಪ್ಪಿದರೆ ಅವಳ ಓದು ಮುಗಿಯುವುದರೊಳಗೆ ಇನ್ನೊಂದು ಹಡಗಿಲ್ಲ.

"ಪೆಂಗ್ವಿನ್ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ದುಬೈಯ ಮಾಲಿನಲ್ಲಿ ಇಟ್ಟಿದ್ದಾರಲ್ಲ, ಎಸಿ ಹಾಕಿ!" ಎಂದಳು ನನ್ನ ಹೆಂಡತಿ ನಫೀಸಾ.

"ಪೆಂಗ್ವಿನ್ ಅಲ್ಲ ಉಮ್ಮ, ಪಾಚಿ. ಮೊಸಸ್."

"ಪಾಚಿ ನಮ್ಮ ಬಾತ್‌ರೂಮಿನಲ್ಲೂ ಉಂಟು."

ನಾನು ನಕ್ಕೆ. ಅವಳು ಹೋಗುವುದು ನನಗೆ ಬೇಡವಾಗಿತ್ತು. ಆದರೆ ಗಲ್ಫಿನ ಮನೆಗಳಲ್ಲಿ ಹೊರಟವರಿಗೆ ಹೋಗಬೇಡ ಎನ್ನುವ ರೂಢಿ ಇಲ್ಲ. ನನ್ನ ಉಮ್ಮ ನನಗೆ ಹೇಳಲಿಲ್ಲ, ನನ್ನ ಹೆಂಡತಿ ಮದುವೆಯಾದ ಮೊದಲ ಏಳು ವರ್ಷ ಉಳ್ಳಾಲದಲ್ಲಿ ಒಬ್ಬಳೇ ಇದ್ದಾಗಲೂ ಹೇಳಲಿಲ್ಲ. ಸೂಟ್‌ಕೇಸಿಗೆ ಹಗ್ಗ ಬಿಗಿದು ಕೊಡುತ್ತೇವೆ, ಪಾಸ್‌ಪೋರ್ಟು ಇಟ್ಟೆಯಾ ಎಂದು ಹತ್ತು ಸಲ ಕೇಳುತ್ತೇವೆ. ಅದರೊಳಗೇ ಎಲ್ಲ ಮಾತು ಮುಗಿಯಬೇಕು.

ನಮ್ಮ ಅಂಗಡಿ ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ನಾಲ್ಕಕ್ಕೆ ತೆರೆಯುತ್ತಿತ್ತು. ಆ ಬಿಸಿಲಿನಲ್ಲಿ ಮನೆಗೆ ಹೋಗಿ ಬರುವುದು ಬೇಡವೆಂದು ನಾನು ಅಲ್ಲೇ ಮೇಜಿನ ಕೆಳಗೆ ಮಲಗುವವನು. ಆ ಬೇಸಿಗೆಯಲ್ಲಿ ಸಫಿಯಾ ದಿನಾ ಊಟ ಹಿಡಿದು ಬರತೊಡಗಿದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಡಬ್ಬಿ ಮೊಸರು. ಉಂಡು ಕೈ ತೊಳೆದ ಮೇಲೆ ಹೆಂಗಸರ ಅಬಾಯ ಹೊಲಿಯುವ ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಗುರುತು ಹಾಕುವ ನನ್ನ ಸೀಮೆಸುಣ್ಣ ಎತ್ತಿಕೊಳ್ಳುತ್ತಿದ್ದಳು.

"ಉಪ್ಪ, ನಮ್ಮ ಉಳ್ಳಾಲದ ಕಡಲಲ್ಲಿ ದೋಣಿ ಬಿಟ್ಟು ಸೀದಾ ಸೌತಿಗೆ ಹೋದ್ರೆ ಎಂತ ಸಿಗ್ತದೆ ಗೊತ್ತುಂಟಾ?"

"ಮಾಲ್ದೀವ್ಸ್."

"ಅಲ್ಲಿಂದ ಮುಂದೆ?"

"ನೀರು."

"ನೀರೇ ನೀರು. ಆಮೇಲೆ ಸ್ವಲ್ಪವೇ ಬಲಕ್ಕೆ ಇದು. ಹರ್ಡ್ ಐಲ್ಯಾಂಡ್. ನಡುವೆ ನಥಿಂಗ್."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಚಿಕ್ಕಂದಿನಲ್ಲಿ ಉಳ್ಳಾಲದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಾಗ ನಮಗೆಲ್ಲ ಗೊತ್ತಿದ್ದದ್ದು ಪಶ್ಚಿಮ ದಿಕ್ಕೊಂದೇ. ಆ ಕಡೆ ಅರಬ್ಬಿ ದೇಶ, ಆ ಕಡೆ ನೌಕರಿ, ಆ ಕಡೆಯಿಂದಲೇ ಅತ್ತರು, ಕಂಬಳಿ, ಟೇಪ್‌ರೆಕಾರ್ಡರು. ತೆಂಕಣಕ್ಕೆ ತಿರುಗಿದರೆ ಹೀಗೊಂದು ನೆಲವಿದೆ ಎಂದು ಯಾರೂ ಹೇಳಿರಲಿಲ್ಲ.

ಅವಳು ಬರೆಯುತ್ತಿದ್ದ ದ್ವೀಪ ದುಂಡಗಿತ್ತು. ಬಲಕ್ಕೆ ಒಂದು ಬಾಲ. ಅದು ಮರಳು ಮತ್ತು ಗರಸಿನ ಉದ್ದನೆಯ ದಿಬ್ಬ, ಅಲೆ ಅದನ್ನು ದಿನವೂ ಕಡಿಯುತ್ತಲೂ ಕಟ್ಟುತ್ತಲೂ ಇರುತ್ತದಂತೆ. ನಡುವೆ ಬೆಂಕಿಯ ಬೆಟ್ಟ. ಆ ಬೆಟ್ಟಕ್ಕೆ ಹೊದಿಸಿದಂತೆ ಮಂಜುಗಡ್ಡೆಯ ನದಿಗಳು ಕಡಲವರೆಗೂ ಇಳಿದಿವೆ. ಈಗ ಅವು ವರ್ಷವರ್ಷವೂ ಹಿಂದೆ ಸರಿಯುತ್ತಿವೆ, ಸರಿದ ಕಡೆ ಬರಿಯ ನೆಲ ತೆರೆದುಕೊಳ್ಳುತ್ತಿದೆ. ಒಂದೂ ಮರವಿಲ್ಲ. ಗಾಳಿಗೆ ಹೆದರಿ ನೆಲಕ್ಕೆ ಅವುಚಿಕೊಂಡ, ಮೆತ್ತೆಯ ಹಾಗಿರುವ ಗಿಡಗಳು, ಹುಲ್ಲು, ಒಂದು ಜಾತಿಯ ಕೋಸು, ಮತ್ತೆ ಇವಳ ಪಾಚಿ. ದಡದಲ್ಲಿ ಲಕ್ಷಗಟ್ಟಲೆ ಪೆಂಗ್ವಿನ್. ಆನೆಸೀಲುಗಳೆಂಬ ಪ್ರಾಣಿಗಳು ಗಂಡಸರ ಹಾಗೆ ಹೊಟ್ಟೆ ಬಿಟ್ಟುಕೊಂಡು ಗೊರಕೆ ಹೊಡೆಯುತ್ತವೆ ಎಂದು ಹೇಳಿ ನನ್ನ ಹೊಟ್ಟೆ ನೋಡಿದಳು. ಹಿಂದೆ ಅವುಗಳನ್ನು ಕೊಂದು, ದೊಡ್ಡ ಹಂಡೆಗಳಲ್ಲಿ ಕುದಿಸಿ ಎಣ್ಣೆ ಮಾಡಿ ಪೀಪಾಯಿ ತುಂಬಿ ಒಯ್ಯುತ್ತಿದ್ದರಂತೆ. ಈಗ ಅಲ್ಲಿ ಒಬ್ಬ ಮನುಷ್ಯನೂ ವಾಸವಿಲ್ಲ.

"ಇಲಿ?" ಎಂದು ಕೇಳಿದೆ. ಬಟ್ಟೆ ಅಂಗಡಿಯವನಿಗೆ ಮೊದಲು ಬರುವ ಪ್ರಶ್ನೆ ಅದೇ.

"ಅದೇ ವಿಷಯ ಉಪ್ಪ! ಇಲಿ ಇಲ್ಲ. ಬೆಕ್ಕು ಇಲ್ಲ. ಬೇರೆ ದ್ವೀಪಗಳಲ್ಲಿ ಹಡಗಿನಿಂದ ಇಳಿದ ಇಲಿಗಳು ಗೂಡಿನಲ್ಲಿ ಕೂತ ಆಲ್ಬಟ್ರಾಸ್ ಹಕ್ಕಿಯ ಮರಿಗಳನ್ನು ಜೀವಂತ ತಿಂತವೆ. ಆ ಮರಿಗೆ ಓಡ್ಬೇಕು ಅಂತ ಗೊತ್ತೇ ಇಲ್ಲ. ಅದಕ್ಕೆ ಶತ್ರು ಅಂದ್ರೆ ಎಂತ ಅಂತ ಯಾರೂ ಕಲಿಸಿಲ್ಲ. ಇದೊಂದು ದ್ವೀಪ ಹೇಗೋ ಉಳಿದಿದೆ."

ಆಮೇಲೆ ಅವಳು ನಿಯಮಗಳ ಕಾಗದ ತೋರಿಸಿದಳು. ಹೊರಗಿನ ದಪ್ಪ ಕೋಟನ್ನು ಹಡಗಿನವರೇ ಕೊಡುತ್ತಾರೆ. ಅದರೊಳಗೆ ತೊಡುವ ಕೋಟು ಅವರವರದ್ದು. ಯಾವ ಬಟ್ಟೆಯಲ್ಲೂ ಒಂದು ಬೀಜ, ಒಂದು ಚೂರು ಮಣ್ಣು ಇರಕೂಡದು. ಕರಕರ ಎಂದು ಅಂಟಿ ಬಿಚ್ಚುವ ಪಟ್ಟಿ ಬೇಡ, ಅದರ ಕೊಕ್ಕೆಗಳಲ್ಲಿ ಹುಲ್ಲಿನ ಬೀಜ ಕೂರುತ್ತದೆ. ಜುಂಗಿರುವ ಉಣ್ಣೆ ಬೇಡ. ಮಡಿಕೆಯ ಜೇಬು ಬೇಡ. ಆ ದ್ವೀಪಕ್ಕೆ ಹೊರಗಿನ ಒಂದು ಹುಲ್ಲು ಆಗಲೇ ಬಂದು ಬೇರು ಬಿಟ್ಟಿದೆ, ಬಹುಶಃ ಹಕ್ಕಿಯೇ ತಂದಿರಬೇಕು. ಮನುಷ್ಯರು ಇನ್ನೊಂದನ್ನು ತರಬಾರದು.

ಅಂಗಡಿಗಳಲ್ಲಿ ಸಿಗುವ ಕೋಟು ಅವಳ ಅಳತೆಗೆ ಬರುವುದಿಲ್ಲ. ಸಣ್ಣ ಮೈ, ಉದ್ದ ಕೈ, ನನ್ನ ಉಮ್ಮನ ಹಾಗೆ. "ನಾನೇ ಹೊಲೀತೇನೆ," ಎಂದೆ. ಮೂವತ್ತು ವರ್ಷ ಹೊಲಿದ ಟೈಲರನ ಮಗಳು ಬೇರೆಯವರ ಅಳತೆಯ ಕೋಟು ಹಾಕಿಕೊಂಡು ಭೂಮಿಯ ತುದಿಗೆ ಹೋಗುವುದೆಂದರೆ ನನಗೆ ಮರ್ಯಾದೆಯ ಪ್ರಶ್ನೆ.

ಪಕ್ಕದ ಬಟ್ಟೆ ಅಂಗಡಿಯ ಭಟ್ಕಳದ ಜಾಫರ್, ನುಣ್ಣಗಿನ ಗಾಳಿತಡೆ ಬಟ್ಟೆ ದುಬೈಯ ದೇರಾದಿಂದ ತರಿಸಿಕೊಟ್ಟ. "ಮಾಸ್ಟ್ರೆ, ಇಷ್ಟು ವರ್ಷದಲ್ಲಿ ನೀವು ನನ್ನ ಹತ್ರ ಡಿಸ್ಕೌಂಟ್ ಕೇಳದೆ ತಗೊಂಡ ಬಟ್ಟೆ ಇದೊಂದೇ," ಎಂದ. ಆ ಕೋಟಿಗೆ ನಾನು ಆರು ವಾರ ತೆಗೆದುಕೊಂಡೆ. ಜೇಬುಗಳನ್ನು ಪೂರ್ತಿ ಹೊರಗೆ ಮಗುಚಿ ಒರೆಸುವ ಹಾಗೆ ಮಾಡಿದೆ. ಬೆನ್ನಿಗೆ ಹತ್ತಿಯ ಪದರ ಕೊಟ್ಟು, ಕೈಯ ಅಂಚು ಮಡಚದೆ ಸಪಾಟಾಗಿ ಮುಗಿಸಿದೆ. ಹೊಲಿಗೆಯ ಗೆರೆಗಳ ಮೇಲೆಲ್ಲ ಒಳಗಿನಿಂದ ಪಟ್ಟಿ ಹಾಕಿ ಮುಚ್ಚಿದೆ. ಸಫಿಯಾ ಎದುರಿನ ಸ್ಟೂಲಿನಲ್ಲಿ ಕೂತು ತನ್ನ ಹಳೆಯ ಪ್ಯಾಂಟು, ಕಾಲುಚೀಲಗಳನ್ನು ತಿರುವಿ ಚಿಮಟದಿಂದ ಬೀಜ ಹೆಕ್ಕುತ್ತಿದ್ದಳು. ಒಮ್ಮೆ ಕಾಲುಚೀಲದಿಂದ ಒಂದು ಹುಲ್ಲಿನ ಬೀಜ ತೆಗೆದು, ಬಿಳಿ ಕಾಗದದ ಮೇಲಿಟ್ಟು, ನನ್ನ ಕಣ್ಣಿನ ಹತ್ತಿರ ಹಿಡಿದಳು.

"ಇದೊಂದು ಸಾಕು ಉಪ್ಪ. ಮಂಜುಗಡ್ಡೆ ಕರಗಿದ ಹೊಸ ಜಾಗ ಇದೆಯಲ್ಲ, ಅಲ್ಲಿ ಇದು ಮನೆ ಮಾಡಿದ್ರೆ ನನ್ನ ಪಾಚಿ ಖಲಾಸ್."

ಆ ಮೂರು ತಿಂಗಳು ನಾನು ಇಷ್ಟು ಸುಖವಾಗಿದ್ದೆ ಎಂದು ಆಗ ಗೊತ್ತಾಗಲಿಲ್ಲ. ಹೊರಗೆ ರಸ್ತೆ ಬೆಂಕಿ ಕಾರುತ್ತಿತ್ತು, ಒಳಗೆ ಎಸಿ ತೊಟಕು ತೊಟಕು ನೀರು ಬಿಡುತ್ತಿತ್ತು. ಅವಳು ಚಿಕ್ಕವಳಿದ್ದಾಗ ನಾನು ದಿನವೆಲ್ಲ ಅಂಗಡಿಯಲ್ಲೇ ಕಳೆದೆ. ದೊಡ್ಡವಳಾದ ಮೇಲೆ ಅವಳು ದೂರದಲ್ಲಿ ದಿನ ಕಳೆದಳು. ಒಬ್ಬರ ಎದುರು ಒಬ್ಬರು ಕೂತು ಬರಿದೇ ಕೆಲಸ ಮಾಡಿದ್ದು ಆ ಬೇಸಿಗೆಯಲ್ಲಿ ಮಾತ್ರ.

ಸೆಪ್ಟೆಂಬರ್ ಬಂತು. ಅವಳು ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಆ ಕೆಲಸ ಮಾಡಿದೆ.

ನಮ್ಮ ಮನೆಯಲ್ಲಿ ಕಡಲು ದಾಟುವವರ ಬಟ್ಟೆಯ ಕಾಲರಿನೊಳಗೆ ಏಳು ಕಾಳು ಕರಿಜೀರಿಗೆ ಹೊಲಿಯುವುದುಂಟು. ಬರಕತ್ತಿನ ಕಾಳು ಅದು, ಮೈಗೂ ದಾರಿಗೂ ಒಳ್ಳೆಯದು ಎಂದು ನಂಬಿಕೆ. ನಾನು ಇಪ್ಪತ್ತೆರಡರಲ್ಲಿ ಇಲ್ಲಿಗೆ ಬರುವಾಗ ಉಮ್ಮ ನನ್ನ ಅಂಗಿಗೆ ಹೊಲಿದಿದ್ದರು. ಬೀಜ ಕೂಡದು ಎಂದು ಮೂರು ತಿಂಗಳು ಕೇಳಿದವನು ನಾನು. ನನಗೆ ತಿಳಿಯದೇ ಇರಲಿಲ್ಲ. ಆದ್ದರಿಂದ ಒಂದು ಉಪಾಯ ಮಾಡಿದೆ: ಕಾಳುಗಳನ್ನು ತವೆಯ ಮೇಲೆ ಚೆನ್ನಾಗಿ ಹುರಿದೆ. ಹುರಿದ ಕಾಳು ಮೊಳೆಯುವುದಿಲ್ಲವಲ್ಲ. ದ್ವೀಪಕ್ಕೂ ತೊಂದರೆಯಿಲ್ಲ, ಮಗಳಿಗೂ ಕಾವಲು. ಬಿಸ್ಮಿಲ್ಲಾ ಹೇಳಿ ಒಂದೊಂದೇ ಎಣಿಸಿ ಏಳು ಕಾಳನ್ನು ಸಣ್ಣ ಚೀಲದಲ್ಲಿಟ್ಟು, ಕಾಲರಿನ ಹಿಂಭಾಗದ ಹೊಲಿಗೆ ಅರ್ಧ ಬೆರಳಷ್ಟು ಬಿಚ್ಚಿ, ಒಳಗೆ ತೂರಿಸಿ, ಮತ್ತೆ ಮುಚ್ಚಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮರುದಿನ ಮಧ್ಯಾಹ್ನದ ವಿಮಾನ. ಏರ್‌ಪೋರ್ಟಿನಲ್ಲಿ ಅವಳು ಕೋಟನ್ನು ತೊಟ್ಟು ತೋರಿಸಿದಳು. ಭುಜ ಸರಿಯಾಗಿ ಕೂತಿತ್ತು. ನಫೀಸಾ ಅತ್ತಳು. ನಾನು ಪಾಸ್‌ಪೋರ್ಟು ಇಟ್ಟೆಯಾ ಎಂದು ಕೇಳಿದೆ.

ಫೋನು ಬಂದದ್ದು ಎರಡು ವಾರದ ಮೇಲೆ, ಬೆಳಿಗ್ಗೆ ಅಂಗಡಿ ತೆರೆದು ಕೂತಿದ್ದಾಗ. ಆ ಕಡೆ ಪೂರ್ತಿ ಬ್ಯಾರಿ.

"ಉಪ್ಪ, ಕಾಲರಿನೊಳಗೆ ಎಂತ ಇಟ್ಟಿದ್ದೀರಿ?"

ಬಂದರಿನಲ್ಲಿ ಹಡಗು ಹತ್ತುವ ಮೊದಲು ಪ್ರತಿಯೊಬ್ಬರ ಬಟ್ಟೆಯನ್ನೂ ಒಂದು ಕೋಣೆಯಲ್ಲಿ ಹರವಿ, ವ್ಯಾಕ್ಯೂಮ್ ಮಾಡಿ, ಬೆರಳಿನಿಂದ ಹೊಲಿಗೆ ಹೊಲಿಗೆ ಮುಟ್ಟಿ ನೋಡುತ್ತಾರೆ. ಕಾಲರು ಮುಟ್ಟಿದ ಹೆಂಗಸಿಗೆ ಗಂಟು ಸಿಕ್ಕಿದೆ. ತನ್ನ ಬಟ್ಟೆಗಳನ್ನೆಲ್ಲ ತಾನೇ ಪರೀಕ್ಷಿಸಿದ್ದೇನೆ, ಏನೂ ಇಲ್ಲ ಎಂದು ಸಫಿಯಾ ಅದಕ್ಕೂ ಮೊದಲೇ ಸಹಿ ಹಾಕಿ ಕೊಟ್ಟಿದ್ದಳು.

"ಹುರಿದದ್ದು ಮಗಳೇ, ಅದು ಮೊಳೆಯುವುದಿಲ್ಲ," ಎಂದೆ.

"ನಾನು ಸಹಿ ಹಾಕಿದ್ದೆ ಉಪ್ಪ. ನೀವು ಹೊಲಿದದ್ದು ಅಂತ ನಾನು ಕಾಲರನ್ನು ನೋಡ್ಲೇ ಇಲ್ಲ. ನನ್ನನ್ನು ಹಡಗಿಗೆ ಬಿಡ್ತಾರೋ ಇಲ್ವೋ ನಾಳೆ ಹೇಳ್ತಾರೆ. ಬೇರೆಯವರು ರೆಡಿ ಇದ್ದಾರೆ. ಆರು ಕಾಳು ಸಿಕ್ಕಿದೆ, ಅಷ್ಟೇ ಅಂತ ನೀವು ಹೇಳಿದ್ರೆ ಬರ್ಕೊಳ್ತಾರೆ. ಆರೇ ಅಲ್ವಾ?"

"ಐದು ನಿಮಿಷದಲ್ಲಿ ಹೇಳ್ತೇನೆ," ಎಂದು ಫೋನು ಇಟ್ಟೆ.

ಜಾಫರ್ ಚಹಾ ಹಿಡಿದು ಬಂದವನು ನನ್ನ ಮುಖ ನೋಡಿ ಕೂತ. ಎಲ್ಲ ಹೇಳಿದೆ. "ಆರು ಅನ್ನಿ ಮಾಸ್ಟ್ರೆ. ಹುರಿದ ಕಾಳು, ಒಂದು ಹೆಚ್ಚು ಒಂದು ಕಮ್ಮಿ, ಯಾರಿಗೆ ಗೊತ್ತಾಗ್ತದೆ? ಮಗಳ ಇಷ್ಟು ವರ್ಷದ ಓದು ನೋಡಿ," ಎಂದ. ಅವನು ಹೇಳಿದ್ದರಲ್ಲಿ ಕೆಟ್ಟದ್ದೇನಿರಲಿಲ್ಲ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಮೇಲಾಗಿ, ಏಳು ಎಂದರೆ ಅವಳು ಹೋಗುವುದು ನಿಲ್ಲಬಹುದು, ನಿಂತರೆ ಮನೆಗೆ ಬಂದಾಳು ಎಂಬ ಇನ್ನೊಂದು ಯೋಚನೆಯೂ ಕಳ್ಳನ ಹಾಗೆ ಒಳಗೆ ಬಂದಿತ್ತು. ನಿಜ ಹೇಳಿದರೆ ನನಗೂ ಲಾಭವಿದೆ ಎಂದು ಕಂಡಾಗ ನನ್ನ ಬಗ್ಗೆಯೇ ಅಸಹ್ಯವಾಯಿತು. ಆದರೆ ಆ ಮರಿ ಹಕ್ಕಿಗಳ ಮಾತು ಬಿಡುತ್ತಿರಲಿಲ್ಲ. ಯಾರ ಮೇಲೂ ಸಂಶಯ ಪಡಲು ಕಲಿಯದವು. ನನ್ನ ಮಗಳೂ ನನ್ನ ಹೊಲಿಗೆಯ ಮೇಲೆ ಸಂಶಯಪಟ್ಟಿರಲಿಲ್ಲ.

ಫೋನು ಮಾಡಿದೆ. "ಏಳು," ಎಂದೆ.

"ಆರ್ ಯೂ ಶೂರ್?"

"ನಾನೇ ಎಣಿಸಿದ್ದು. ಏಳು."

"ಓಕೆ ಉಪ್ಪ," ಎಂದಳು. ಅಷ್ಟೇ.

ಆ ದಿನ ನಾನು ಒಂದು ಕಂದೂರದ ಎರಡು ಕೈಗಳನ್ನೂ ಎಡಗೈಯಾಗಿ ಕತ್ತರಿಸಿದೆ. ಮಧ್ಯಾಹ್ನ ನಫೀಸಾ ಅಂಗಡಿಗೇ ಬಂದಳು. ನಾವಿಬ್ಬರೂ ನೆಲದ ಮೇಲೆ ಮಂಡಿಯೂರಿ, ದಾರದ ಚೂರು, ಬಟ್ಟೆಯ ತುಂಡುಗಳ ನಡುವೆ ಆ ಏಳನೆಯ ಕಾಳು ಇಲ್ಲೇ ಬಿದ್ದಿರಲಿ ಎಂದು ಹುಡುಕಿದೆವು. ಸಿಗಲಿಲ್ಲ. ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಸಫಿಯಾಳ ಫೋನು. "ಸಿಕ್ಕಿತು ಉಪ್ಪ. ಚೀಲದಿಂದ ಜಾರಿ ಬೆನ್ನಿನ ಹತ್ತಿಯೊಳಗೆ ಹೋಗಿತ್ತು. ನನ್ನ ಎಲ್ಲ ಬ್ಯಾಗ್ ಬಿಚ್ಚಿದ್ರು. ಕೋಟನ್ನು ಪೀಸ್ ಪೀಸ್ ಮಾಡಿದ್ರು. ಆದ್ರೆ ನನ್ನನ್ನು ಹಡಗಿಗೆ ಬಿಟ್ಟಿದ್ದಾರೆ. ಆರು ಅಂದು ಮುಗಿಸ್ಬಹುದಿತ್ತು, ನೀವು ಏಳು ಅಂತ ನಿಜ ಹೇಳಿದ್ರಲ್ಲ, ಅದಕ್ಕೆ."

"ಬಿಚ್ಚಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು?" ಎಂದು ಕೇಳಿದೆ.

ಅವಳು ನಕ್ಕಳು, ಮೂಗು ಕಟ್ಟಿದ ನಗು. "ಮೂರು ಗಂಟೆ. ಯಾರಿದು ಹೊಲಿದದ್ದು ಅಂತ ಅವರು ಬೈದ್ರು."

ಕೋಟಿನ ಚೂರುಗಳನ್ನು ಸುಟ್ಟರು. ಅವಳು ಯಾರದೋ ಎರವಲು ಕೋಟು ಹಾಕಿಕೊಂಡು, ಮಣಿಕಟ್ಟು ಹೊರಗೆ ಬಿಟ್ಟುಕೊಂಡು ಹಡಗು ಹತ್ತಿದಳು.

ಆಮೇಲೆ ಎರಡು ತಿಂಗಳು ಅವಳ ದನಿಯಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಹಡಗಿನಿಂದ ಒಂದು ಸಾಲು ಬರುತ್ತಿತ್ತು: ಚೆನ್ನಾಗಿದ್ದೇನೆ, ಗಾಳಿ ಜೋರು, ಇವತ್ತೂ ಇಳಿಯಲಾಗಲಿಲ್ಲ. ಇಲ್ಲಿ ಹವೆ ತಣ್ಣಗಾಗಿ, ಜನ ಕಡಲ ದಂಡೆಯ ಕಾರ್ನಿಶಿನಲ್ಲಿ ಕಂಬಳಿ ಹಾಸಿ ಕೂರುವ ಕಾಲ ಬಂದಿತ್ತು. ನಾನು ಮಧ್ಯಾಹ್ನ ಕಪ್ಪು ಬಟ್ಟೆ ಹಾಸಿ ದ್ವೀಪ ಬರೆಯಲು ನೋಡುತ್ತಿದ್ದೆ. ಬಾಲ ಸರಿ ಬರುತ್ತಿತ್ತು, ಬೆಟ್ಟ ಸರಿ ಬರುತ್ತಿರಲಿಲ್ಲ. ಅವಳು ಬೇಕು ಎಂದು ಹೊಟ್ಟೆಯಲ್ಲಿ ಹಸಿವಿನ ಹಾಗೆ ಆಗುತ್ತಿತ್ತು.

ಜನವರಿಯಲ್ಲಿ ಹದಿನೈದು ದಿನಕ್ಕೆ ಬಂದಳು. ಮೂಗಿನ ತುದಿ ಸುಲಿದಿತ್ತು, ಮಾತು ಕಡಿಮೆಯಾಗಿತ್ತು. ಒಟ್ಟು ಒಂಬತ್ತು ದಿನ ಮಾತ್ರ ದಡಕ್ಕೆ ಇಳಿಯಲು ಸಿಕ್ಕಿತಂತೆ. ಒಂದು ದಿನ ಮೋಡ ಸರಿದು ಬೆಟ್ಟದ ತುದಿ ಕಾಲು ಗಂಟೆ ಕಂಡಿತಂತೆ, ಮೇಲೆ ಸಣ್ಣಗೆ ಹೊಗೆ. ಮಂಜುಗಡ್ಡೆ ಬಿಟ್ಟುಹೋದ ಕಲ್ಲಿನ ಮೇಲೆ ಅವಳು ಹುಡುಕುತ್ತಿದ್ದ ಪಾಚಿ ಉಗುರಿನಷ್ಟು ಹಸಿರಾಗಿ ಹಬ್ಬಿತ್ತು. ಅದರ ಮುಂದೆ ಮಲಗಿ ಅಳತೆ ತೆಗೆಯುವಾಗ ಒಂದು ಪೆಂಗ್ವಿನ್ ಬಂದು ಅವಳ ಬೂಟಿನ ದಾರ ಕುಟುಕಿ ನೋಡಿ ಹೋಯಿತು.

"ಮತ್ತೆ ಹೋಗ್ತೀಯಾ?" ಎಂದು ಕೇಳಿದೆ.

"ಇಲ್ಲ ಉಪ್ಪ."

"ಬೇಜಾರಾಯ್ತಾ?"

"ಬೇಜಾರಾ? ದಿನಾ ಕನಸಲ್ಲಿ ಬರ್ತದೆ. ಆದ್ರೆ ನಾವು ಎಷ್ಟು ತೊಳೆದು ಹೋದ್ರೂ ಏನಾದ್ರೂ ಒಯ್ತೇವೆ. ನನ್ನ ಕೆಲಸ ಆಯ್ತು. ಯಾರೂ ಹೋಗದಿದ್ರೇ ಅದಕ್ಕೆ ಒಳ್ಳೇದು. ಅಲ್ಲಿ ಉಂಟು ಅಂತ ಗೊತ್ತಿದ್ರೆ ಸಾಕು ನನಗೆ."

ಅಷ್ಟು ಹೇಳಿ ಅವಳು ಟಾಸ್ಮೇನಿಯಾಕ್ಕೆ ಮರಳಿದಳು. ಅಲ್ಲೇ ಕೆಲಸವಾಯಿತು. ದೇಶದ ಹೊರಗಿದ್ದು ಆರು ತಿಂಗಳು ದಾಟಿದ್ದರಿಂದ ಇಲ್ಲಿನ ವೀಸಾ ತಾನಾಗಿ ರದ್ದಾಯಿತು. ಹುಟ್ಟಿದ ಊರಿಗೆ ಈಗ ಅವಳು ಬರಬೇಕಾದರೆ ವಿಸಿಟ್ ವೀಸಾ ಬೇಕು. ನನ್ನ ಅಂಗಡಿಯೂ ಮುಚ್ಚಿ, ನಾನು ಮುಸಫ್ಫಾದ ಒಂದು ಯೂನಿಫಾರ್ಮ್ ಕಾರ್ಖಾನೆ ಸೇರಿದೆ. ಅವಳು ಮೊದಲ ವರ್ಷ ಬರಲಿಲ್ಲ, ಎರಡನೆಯ ವರ್ಷವೂ ಬರಲಿಲ್ಲ. ವಾರಕ್ಕೊಮ್ಮೆ ಫೋನು, ಊಟ ಆಯ್ತಾ, ಚಳಿ ಎಷ್ಟು. ದೂರದಲ್ಲಿ ಇದ್ದಾಳೆ ಎಂದು ಗೊತ್ತಿದ್ದರೆ ಸಾಕು ಎಂದು ನಾನೂ ಅವಳ ಹಾಗೆ ಇರಲು ನೋಡಿದೆ. ನನ್ನಿಂದ ಆಗಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗೆ ದೇವರು ಕೊಟ್ಟಿಲ್ಲ.

ಶುಕ್ರವಾರ ಆ ಬೇಕರಿಯ ಎದುರಿನ ಮೆಟ್ಟಿಲಿನ ಮೇಲೆ ಕೂತು ಫೋನು ಮಾಡಿದೆ. ಅಲ್ಲಿ ಸಂಜೆಯಾಗಿ ಕತ್ತಲಾಗಿತ್ತು. ಅವಳು ಅಡುಗೆ ಮಾಡುತ್ತಿದ್ದಳು, ಪಾತ್ರೆಯ ಸದ್ದು.

"ಎಂತ ಉಪ್ಪ, ಈ ಹೊತ್ತಿಗೆ? ಎವ್ರಿಥಿಂಗ್ ಓಕೆ?"

ಓಕೆ ಎನ್ನಲು ಬಾಯಿ ತೆರೆದೆ. ಐವತ್ತೆಂಟು ವರ್ಷ ಅದನ್ನೇ ಹೇಳಿಕೊಂಡು ಬಂದವನು.

"ಇಲ್ಲ ಮಗಳೇ," ಎಂದೆ. "ನಿನ್ನನ್ನು ನೋಡ್ಬೇಕು. ಬಾ."

ಪಾತ್ರೆಯ ಸದ್ದು ನಿಂತಿತು. ಆಮೇಲೆ, ಪೂರ್ತಿ ಬ್ಯಾರಿಯಲ್ಲಿ, ಸಿಟ್ಟಿಲ್ಲದೆ ಹೇಳಿದಳು:

"ಇಷ್ಟು ದಿನ ಯಾಕೆ ಕರೀಲಿಲ್ಲ ಉಪ್ಪ?"